ಕೊನೆಯ ಹೆಬ್ಬಾತಿನ ಕಾಲಿನ ಬಣ್ಣ

ಪುಸ್ತಕ ಮುಚ್ಚಿತ್ತು, ನಂಜುಂಡ. ನೀನು ಆ ಹೆಬ್ಬಾತಿನ ಚಿತ್ರ ಬರೆಯುವಾಗ ಹಕ್ಕಿಗಳ ಪುಸ್ತಕ ನನ್ನ ಚೀಲದೊಳಗಿತ್ತು. ತೆರೆದಿತ್ತೆಂದು ನಾನು ಹೇಳಿದ್ದು ಸುಳ್ಳು.

ಮೂವತ್ತು ವರ್ಷಗಳಲ್ಲಿ ಮಿಕ್ಕದ್ದೆಲ್ಲ ಕಲಸಿಹೋಗಿದೆ. ಬೈರಮಂಗಲ ಕೆರೆಯ ಏರಿ, ಚಳಿಗಾಲದ ಬೆಳಿಗ್ಗೆ — ಮಂಜಿತ್ತೇ? ಇತ್ತು ಅನ್ನಿಸುತ್ತದೆ. ನನ್ನ ಅನುಕೂಲಕ್ಕೆಂದು ನಾನೇ ಆಮೇಲೆ ಕವಿಸಿಕೊಂಡ ಮಂಜೂ ಇರಬಹುದು.

ಶಾಲೆಯಲ್ಲಿ ವಿಜ್ಞಾನ ಹೇಳುತ್ತಿದ್ದ ನಾನು ಹಿಂಡನ್ನು ಎಣಿಸಿ, ಎಲ್ಲವೂ ಪಟ್ಟೆತಲೆ ಹೆಬ್ಬಾತು ಎಂದು ಬರೆದು ಮುಗಿಸಿದ್ದೆ. ಚನ್ನಪಟ್ಟಣದಲ್ಲಿ ಗೊಂಬೆಗಳಿಗೆ ಅರಗಿನ ಬಣ್ಣ ಹಿಡಿಸುವ ನೀನು ಮುಗಿಸಿರಲಿಲ್ಲ. ಜೇಬಿನಿಂದ ಅರಗಿನ ಕಡ್ಡಿಗಳನ್ನು ತೆಗೆದು, ಒಂದೊಂದನ್ನೇ ಬೆಳಕಿಗೆ ಹಿಡಿದು, ದುರ್ಬೀನಿನಲ್ಲಿ ಕಂಡ ಕಾಲಿಗೆ ಹೋಲಿಸುತ್ತಿದ್ದೆ.

"ಲೇ, ಆ ಕೊನೇದ್ ನೋಡ್ಲಾ. ಕಾಲು ಹಳದೀನೂ ಅಲ್ಲ, ಗುಲಾಬೀನೂ ಅಲ್ಲ. ತಲೆ ಪಟ್ಟೇನ ಯಾರೋ ಒಸಿ ಒರೆಸ್ಬುಟ್ಟಂಗೈತೆ. ಬೆರಕೆ ಕಣ್ಲಾ ಇದು."

"ಗೊಂಬೆ ಅನ್ಕಂಡ್ಯೇನ್ಲಾ, ಬಣ್ಣ ನೋಡಿ ಜಾತಿ ಹೇಳಾಕೆ?" ಎಂದು ನಾನು ನಕ್ಕೆ.

ನಕ್ಕರೂ ನೋಡಿದೆ. ಪಟ್ಟೆ ಮಸುಕಾಗಿಯೇ ಇತ್ತು. ಪಟ್ಟೆತಲೆಯ ಕಾಲು ಹಳದಿ, ಬೂದು ಹೆಬ್ಬಾತಿನದು ಗುಲಾಬಿ; ಇದು ಎರಡರ ಬೆರಕೆಯಿರಬಹುದು — ನನಗೂ ಹೊಳೆಯಿತು. ಆದರೆ ನಿನಗೆ ಮೊದಲು ಹೊಳೆದಿತ್ತು.

ರಾಮನಗರದಲ್ಲಿ ನಮ್ಮ ಪಕ್ಷಿವೀಕ್ಷಕರ ಗುಂಪು ಸೇರಿದಾಗ ಹಿರಿಯರೊಬ್ಬರು ನಿನ್ನ ಚಿತ್ರವನ್ನು ಬಹಳ ಹೊತ್ತು ನೋಡಿದರು. ಗುಂಪಿನ ಕಟ್ಟುನಿಟ್ಟು ನಿನಗೂ ಗೊತ್ತು: ಕಂಡದ್ದನ್ನು ಮೊದಲು ಬರೆಯಬೇಕು, ಪುಸ್ತಕ ಆಮೇಲೆ. ಇಲ್ಲವಾದರೆ ಕಣ್ಣು ಪುಸ್ತಕದ್ದನ್ನೇ ಕಾಣುತ್ತದೆ. ಅವರು ನನ್ನನ್ನು ಕೇಳಿದರು.

"ಬರೆಯೋವಾಗ ಪುಸ್ತಕ ತೆಗ್ದಿತ್ತೇನಪ್ಪಾ?"

"ತೆಗ್ದಿತ್ತು ಸಾರ್."

ಅಷ್ಟೇ. ಚಿತ್ರವನ್ನು ಪಕ್ಕಕ್ಕಿಟ್ಟರು. "ನೋಡ್ಕಂಡ್ ಬರೆಯೋದಾದ್ರೆ ನಾನೂ ನವಿಲ್ ಬರೀತೀನಿ ಬುಡಣ್ಣ" ಎಂದು ಯಾರೋ ಅಂದರು. ಎಲ್ಲರೂ ನಕ್ಕರು. ನಾನೂ — ಇಲ್ಲ, ನಾನು ನಗಲಿಲ್ಲ ಎಂದು ಬರೆಯಬೇಕೆನ್ನಿಸುತ್ತಿದೆ. ಬರೆಯಲಾರೆ.

ನೀನು ಜಗಳವಾಡಬಹುದಿತ್ತು. ಆಡಲಿಲ್ಲ. ಬಸ್ ಸ್ಟ್ಯಾಂಡಿನಲ್ಲಿ, ಮೆಲ್ಲಗೆ, ನನ್ನನ್ನೇ ಕೇಳಿದೆ: "ನಾನು ಪುಸ್ತಕ ಮುಟ್ಟಿದ್ನೇನ್ಲಾ? ನಂಗೇ ಮರ್ತೋಯ್ತಾ?"

ಬಸ್ಸು ಬಂದಿರಲಿಲ್ಲ. ಸುತ್ತ ನಮ್ಮವರು ಯಾರೂ ಇರಲಿಲ್ಲ. ಸುಳ್ಳನ್ನು ಅಲ್ಲೇ ಹಿಂದಕ್ಕೆ ತೆಗೆದುಕೊಳ್ಳಬಹುದಿತ್ತು.

"ನೀನ್ ಮುಟ್ಟಿದ್ದೆ ಕಣ್ಲಾ" ಎಂದೆ ನಾನು.

ನೀನು ತಲೆಯಾಡಿಸಿದೆ. ನಂಬಿದೆ. ನಿನ್ನ ಕಣ್ಣನ್ನಲ್ಲ, ನಿನ್ನ ನೆನಪನ್ನಲ್ಲ — ನನ್ನನ್ನು. ಆಮೇಲೆ ನೀನು ಕೆರೆಗೆ ಬರಲೇ ಇಲ್ಲ. ನಾವು ಕರೆದಾಗಲೆಲ್ಲ "ನನ್ ಕಣ್ ಸರಿಯಿಲ್ಲ, ನೀವೇ ಹೋಗ್ಬನ್ನಿ" ಎನ್ನುತ್ತಿದ್ದೆ.

ಅದು ಬೆರಕೆಯೇ ಆಗಿತ್ತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಮತ್ತೊಮ್ಮೆ ಹೋಗಿ ನೋಡೋಣ ಎಂದು ಯಾರೂ ಹೇಳದಂತೆ ಮಾಡಿದವನು ನಾನು.

ಈ ಭಾನುವಾರ ಗುಂಪು ಸೇರುತ್ತದೆ. ಆ ಹಿರಿಯರು ಈಗಿಲ್ಲ. ಅಂದು ನಕ್ಕವರಲ್ಲಿ ಮೂವರಿದ್ದಾರೆ. ಇದನ್ನು ಅವರೆದುರು ಓದುತ್ತೇನೆ. ನೀನು ಬರಬೇಕೆಂದು ಕೇಳಲಾರೆ.