ಹಂದಿಯ ಅರ್ಜಿಯಲ್ಲಿ ಬಂದ ಕರಡಿ

ಕುರುಗೋಡಿನ ಬಸ್ ನಿಲ್ದಾಣದ ಎದುರಿನ ಆನ್‌ಲೈನ್ ಅರ್ಜಿ ಅಂಗಡಿಯಲ್ಲಿ ನಾನು ಟೈಪಿಸ್ಟ್. ಸಿರುಗುಪ್ಪದಿಂದ ದಿನಾ ಬಸ್ಸಿನಲ್ಲಿ ಬರುತ್ತೇನೆ. ಬಿ.ಎ.ಯಲ್ಲಿ ಐಚ್ಛಿಕ ಕನ್ನಡ ಓದಿದ ಕಾರಣ, ಆದಾಯ ಪ್ರಮಾಣಪತ್ರದ ಅರ್ಜಿಗೂ ಒಂದಿಷ್ಟು ಶೈಲಿ ಬೇಕೆಂದು ನಂಬಿದವನು. ಆ ನಂಬಿಕೆಗೆ ದಂಡ ತೆತ್ತವಳು ಅಕ್ಕನಾಗಮ್ಮ.

ಐವತ್ತೈದು ದಾಟಿದ ಹೆಂಗಸು. ಗುಡ್ಡದ ಬುಡದಲ್ಲಿ ಎರಡೂವರೆ ಎಕರೆ ಹೊಲ. ಗಂಡ ಸತ್ತ ಮೇಲೆ ಅವನ ಒಂಟಿ ನಳಿಗೆಯ ಬಂದೂಕಿನ ಲೈಸೆನ್ಸನ್ನು ಬಳ್ಳಾರಿಗೆ ಮೂರು ವರ್ಷ ಅಲೆದು ತನ್ನ ಹೆಸರಿಗೆ ಮಾಡಿಸಿಕೊಂಡಳು. ಹೆಂಗಸಿಗೆ ಬಂದೂಕು ಯಾಕೆ ಎಂದು ಕೇಳಿದ ಮೈದುನನಿಗೆ, ನಿನಗ್ಯಾಕೆ ಮೀಸೆ ಎಂದು ಕೇಳಿದ್ದಳಂತೆ. ಆದರೆ ಬಂದೂಕಿದ್ದರೆ ಸಾಲದು. ಬೆಳೆಗೆ ಬೀಳುವ ಕಾಡುಹಂದಿಯನ್ನು ಹೊಡೆಯಲು ಬೇರೆಯೇ ಪರವಾನಗಿ ಬೇಕು, ಒಂದು ಹಂಗಾಮಿಗೆ ಇಡೀ ತಾಲ್ಲೂಕಿಗೆ ಕೊಡುತ್ತಿದ್ದುದು ಆರೇ ಆರು. ಎರಡು ವರ್ಷ ಅವಳಿಗೆ ಸಿಕ್ಕಿರಲಿಲ್ಲ. ಈ ಸಲ ಶೇಂಗಾ ಕಾಯಿ ಕಟ್ಟುತ್ತಿತ್ತು.

ವಿವರದ ಕಾಲಮ್ಮಿಗೆ ಅವಳು ಹೇಳಿದ್ದು ಇಷ್ಟೇ: ಹಂದಿ ಬರುತ್ತವೆ, ಶೇಂಗಾ ಅಗೆಯುತ್ತವೆ, ಹೊಡೆಯಬೇಕು. ಐನೂರು ಅಕ್ಷರಕ್ಕೆ ಜಾಗವಿತ್ತು. ಅವಳು ಅತ್ತ ಹೋದ ಮೇಲೆ ನಾನು, 'ಮರಿಗಳೊಡನೆ ಸಂಚರಿಸುವ ಕರಡಿಯೊಂದು ಸಹ ರೈತರ ಎದೆ ನಡುಗಿಸಿದೆ' ಎಂದು ಸೇರಿಸಿ ಕಳಿಸಿಬಿಟ್ಟೆ. ನನ್ನ ಬರವಣಿಗೆಗೆ ಸಿಕ್ಕ ಮೊದಲ ಓದುಗರು ಬಳ್ಳಾರಿಯ ಅರಣ್ಯ ಕಚೇರಿಯವರು. ಅಕ್ಷರಕ್ಷರವನ್ನೂ ನಂಬಿದರು. ಮರಿಯಿರುವ ಕರಡಿ ಓಡಾಡುವ ಜಾಗದಲ್ಲಿ ಗುಂಡು ಹಾರಿಸುವಂತಿಲ್ಲವೆಂದು ಅರ್ಜಿ ತಿರಸ್ಕರಿಸಿದರು.

ಬಳ್ಳಾರಿಯಿಂದ ಆಕೆ ನೇರ ಅಂಗಡಿಗೇ ಬಂದಳು.

“ನಮ್ಮ ಹೊಲಕ್ಕ ಕರಡಿ ಬಂದಿದ್ದು ಯಾವಾಗ ಲೇ? ನಿಮ್ಮಪ್ಪನ್ನ ಕೇಳಿ ಬಂದಿತ್ತೇನು?”

“ಅರ್ಜಿಗೆ ತೂಕ ಬರ್ಲಿ ಅಂತ ಬರದೆ, ಅವ್ವಾ.”

“ನಾ ನಿಂಗ ಅವ್ವ ಅಲ್ಲ.”

ಮಾಲೀಕ ಉಮಾಪತಿ ಹೊಸ ಅರ್ಜಿಯನ್ನು ಪುಕ್ಕಟೆ ಹಾಕಿಕೊಡುವುದಾಗಿ ಹೇಳಿದರು. ಆಕೆ ಅವರತ್ತ ತಿರುಗಲೂ ಇಲ್ಲ. ಆರೂ ಪರವಾನಗಿ ಮುಗಿದಿದ್ದವು.

“ಸಂಜಿಗೆ ಹೊಲಕ್ಕ ಬಾ. ನಿನ್ನ ಕರಡಿ ತೋರ್ಸು.”

ಹನ್ನೊಂದು ಸಂಜೆ ಹೋದೆ. ಒಂದು ಬದುವಿನ ಮೇಲೆ ಆಕೆ, ಗುಂಡು ತುಂಬದ ಬಂದೂಕು. ಇನ್ನೊಂದರ ಮೇಲೆ ನಾನು, ಖಾಲಿ ಎಣ್ಣೆ ಡಬ್ಬಿ. ಕೊನೆಯ ಸಿರುಗುಪ್ಪ ಬಸ್ಸಿನ ಹೊತ್ತಿನ ತನಕ ಬಡಿಯುತ್ತಿದ್ದೆ. ನೀರು ಬೇಕೇನು ಅಂತಲೂ ಆಕೆ ಕೇಳಲಿಲ್ಲ. ಹಂದಿಗಳು ಪ್ರತಿ ಸಲ ನನ್ನ ಬದಿಯಿಂದಲೇ ನುಗ್ಗಿದವು. ನನ್ನ ಯೋಗ್ಯತೆ ಅವಕ್ಕೆ ತಿಳಿದಿತ್ತು. ಶೇಂಗಾ ಅರ್ಧಕ್ಕರ್ಧ ಮಣ್ಣುಪಾಲಾಯಿತು. ಕರಡಿ ಬರಲಿಲ್ಲ.

ಮುಂದಿನ ಹಂಗಾಮಿನ ಅರ್ಜಿ ಶುರುವಾದ ದಿನ ಅವಳು ಮತ್ತೆ ಬಂದಳು. ಎದುರಿನ ಅಂಗಡಿಯಲ್ಲಿ ತುಂಬಿಸಿದ ಫಾರ್ಮು ಕೈಯಲ್ಲಿತ್ತು. ಹಳೆಯ ಅರ್ಜಿಯಲ್ಲಿ ಕರಡಿ ಇದ್ದುದರಿಂದ, ಹೊಲದಲ್ಲಿ ಕರಡಿಯಿಲ್ಲವೆಂದು ಕಾವಲು ಕೂತ ಒಬ್ಬರು ಸಾಕ್ಷಿ ಹೇಳಬೇಕಂತೆ. ಆಕೆಯನ್ನು ಬಿಟ್ಟರೆ ಕಾವಲು ಕೂತವನು ನಾನೊಬ್ಬನೇ. ಕೀಬೋರ್ಡಿನ ಮೇಲೆಯೇ ಕಾಗದವಿಟ್ಟು ಬೆರಳೂರಿದಳು.

“ಇಲ್ಲಿ ಸಹಿ ಹಾಕು. ಒಂದಕ್ಷರ ಹೆಚ್ಚಿಗಿ ಬರದಿ ಅಂದ್ರ ಕೈ ಮುರೀತೀನಿ.”

ಹಾಕಿದೆ. ಸಹಿಯ ಕೆಳಗೆ ಗೆರೆ ಎಳೆದು ಎರಡು ಚುಕ್ಕಿ ಇಡುವುದು ನನ್ನ ಅಭ್ಯಾಸ. ಅವತ್ತು ಇಡಲಿಲ್ಲ.