ಕುಬಾನನ ಮುಂದೆ ಬಂದ ಕುರಿಯ ತಲೆ

ಬಿಷ್ಕೆಕ್ ನಗರದ ಒಂದು ಬಸ್ ಟಿಕೆಟ್ ಕಂಪನಿಯಲ್ಲಿ ಕುಬಾನನಷ್ಟು ಆತುರದ ಮನುಷ್ಯ ಇನ್ನೊಬ್ಬನಿರಲಿಲ್ಲ. ಚಹಾ ಆರುವ ತನಕ ಕಾಯಲಾರದೆ ದಿನಾ ನಾಲಿಗೆ ಸುಟ್ಟುಕೊಳ್ಳುತ್ತಿದ್ದ. ಇಂಥವನ ಕೈಗೆ ವೇಗ ಅಳೆಯುವ ಕೆಲಸ ಕೊಟ್ಟರಲ್ಲ, ಅವರಿಗೇನು ಹೇಳೋಣ!

ಕಂಪನಿಯ ಜಾವಾಸ್ಕ್ರಿಪ್ಟ್ ಪ್ರೋಗ್ರಾಮುಗಳೆಲ್ಲ, ಅವನ್ನು ನಡೆಸುವ ತಂತ್ರಾಂಶವಾದ ಹಳೆಯ ರನ್‌ಟೈಮ್ ಒಂದರ ಮೇಲೆ ಓಡುತ್ತಿದ್ದವು. ಅದನ್ನು ನೆಚ್ಚಿಕೊಂಡು ಎಲ್ಲವನ್ನೂ ಕಟ್ಟಿದವರು ಮುಖ್ಯಸ್ಥ ಶೈಲೋಬೆಕ್ ಬೈಕೆ; ಬೈಕೆ ಅಂದರೆ ಅಲ್ಲಿ ಅಣ್ಣ. ಕುಬಾನ್ ಹೊಸ ರನ್‌ಟೈಮ್ ತಂದ. ಎರಡಕ್ಕೂ ಒಂದೇ ಕೆಲಸ ಕೊಟ್ಟು ತನ್ನ ಲ್ಯಾಪ್‌ಟಾಪಿನಲ್ಲಿ ಒಂದಾದ ಮೇಲೊಂದು ಓಡಿಸಿದ. ಹೊಸದರ ವೇಗ ದುಪ್ಪಟ್ಟು!

"ಬೈಕೆ, ನಿಮ್ಮ ಮುದಿ ಕುದುರೇನ ಇನ್ನು ಮೇಯೋಕೆ ಬಿಟ್ಬಿಡಿ!" ಎಂದು ಎಲ್ಲರೆದುರೇ ಅಣಕಿಸಿದ. ಹುಡುಗರು ಹೊಟ್ಟೆ ಹಿಡಿದುಕೊಂಡು ನಕ್ಕರು. "ಬಿಡೋಣ ಬಿಡಪ್ಪಾ" ಎಂದು ಬೈಕೆಯೂ ನಕ್ಕರು. ವಾರದೊಳಗೆ ಮಾಲೀಕ ಅವರ ಜಾಗದಲ್ಲಿ ಕುಬಾನನನ್ನು ಕೂರಿಸಿ, ಔತಣವನ್ನೂ ಇಟ್ಟುಕೊಂಡ.

ಔತಣದ ದಿನ ಮಧ್ಯಾಹ್ನ, ಜಂಬ ಕೊಚ್ಚಿಕೊಳ್ಳಲೆಂದೇ ಕುಬಾನ್ ತನ್ನ ತಮ್ಮನೆದುರು ಅದೇ ಪರೀಕ್ಷೆ ನಡೆಸಿದ. ಎರಡೂ ಹೆಚ್ಚುಕಡಿಮೆ ಒಂದೇ ಸಮಯ ತೆಗೆದುಕೊಂಡವು. ಮತ್ತೆ ಓಡಿಸಿದ, ಅದೇ ಕಥೆ. ಆಗ ನೆನಪಾಯಿತು. ಅವತ್ತು ಹಳೆಯದರ ಸರದಿಯಲ್ಲಿ ಕರೆಂಟ್ ಹೋಗಿತ್ತು, ಚಳಿಗಾಲದಲ್ಲಿ ಅದೇನು ಹೊಸದೇ? ಬ್ಯಾಟರಿ ಉಳಿಸಲು ಲ್ಯಾಪ್‌ಟಾಪ್ ತಾನಾಗಿಯೇ ನಿಧಾನವಾಗಿತ್ತು. ಹೊಸದರ ಸರದಿಗೆ ಕರೆಂಟ್ ಬಂದಿತ್ತು. ಕಾಲು ಕಟ್ಟಿದ ಕುದುರೆಯನ್ನು ಸೋಲಿಸಿ ಮೆರೆದಿದ್ದ! ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. 'ನಾಳೆ ಹೇಳಿದರಾಯಿತು' ಎಂದುಕೊಂಡ, ಹೇಡಿ.

ಸಂಜೆ ಬೇಯಿಸಿದ ಕುರಿಯ ತಲೆ ಬಂತು. ಅದು ಪಂಕ್ತಿಯಲ್ಲಿ ಎಲ್ಲರಿಗಿಂತ ದೊಡ್ಡವರ ಪಾಲು. ಪ್ರತಿಸಲ ಶೈಲೋಬೆಕ್ ಬೈಕೆಯ ಮುಂದೆಯೇ ಇಡುತ್ತಿದ್ದರು. ಈ ಸಲ ಅವರೇ ಎದ್ದು ತಟ್ಟೆಯನ್ನು ಕುಬಾನನ ಮುಂದಿಟ್ಟರು.

"ತಗೊಳ್ಳಿ ಮುಖ್ಯಸ್ಥರೇ, ಆರಿಹೋಗತ್ತೆ."

ಕುಬಾನ್ ಚಾಕು ಮುಟ್ಟಲಿಲ್ಲ. "ಬೈಕೆ, ಅವತ್ತು... ಕರೆಂಟ್ ಹೋಗಿತ್ತು" ಎಂದು ಪಿಸುಗುಟ್ಟಿದ.

"ಗೊತ್ತು ಕಣೋ. ನಿನ್ನ ಮೇಜಿನ ಮೇಲೆ ಮೇಣದಬತ್ತಿ ಹಚ್ಚಿಟ್ಟವನು ನಾನೇ ಅಲ್ವಾ?"

"ಮತ್ತೆ ಯಾಕೆ ಬಾಯಿ ಬಿಡ್ಲಿಲ್ಲ?"

"ಸೋತವನು ಹೇಳಿದ್ರೆ ನೆಪ ಅಂತಾರೆ. ಗೆದ್ದವನೇ ಹೇಳ್ತಾನೇನೋ ಅಂತ ಕಾದೆ."

ಭೂಮಿ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಅನ್ನಿಸಿತು ಕುಬಾನನಿಗೆ. ಎದ್ದು ನಿಂತ. ಹೊಸ ಮುಖ್ಯಸ್ಥನ ಭಾಷಣವೆಂದುಕೊಂಡ ಮಾಲೀಕ ಚಪ್ಪಾಳೆ ಶುರುಮಾಡಿದ. ಹುಡುಗರು ಶಿಳ್ಳೆ ಹಾಕಿದರು. ತಲೆ ತಗ್ಗಿಸಿ, ಕುರಿಯ ತಲೆಯ ತಟ್ಟೆಯನ್ನು ಬೈಕೆಯ ಕಡೆ ತಿರುಗಿಸಿಟ್ಟು, ಆ ಆತುರಗಾರ ಚಪ್ಪಾಳೆ ಪೂರ್ತಿ ನಿಲ್ಲುವ ತನಕ ಕಾದ.