ಅರಗಿನ ಮುದ್ರೆ ಬಿದ್ದ ಫೋನು

ಪೊಲೀಸರು ವಶಪಡಿಸಿಕೊಂಡ ಮೊಬೈಲುಗಳಿಂದ ಸಾಕ್ಷ್ಯ ತೆಗೆದುಕೊಡುವುದು ತುಮಕೂರಿನಲ್ಲಿ ನನ್ನ ಕೆಲಸ. ಒಮ್ಮೆ ಗುಬ್ಬಿ ಕಡೆಯ ಪೊಲೀಸರಿಗೆ ತರಬೇತಿ ಕೊಡುವಾಗ ಮೇಜು ಗುದ್ದಿ ಹೇಳಿದ್ದೆ: "ಸಿಕ್ಕಿದ ಫೋನಿನೊಳಕ್ಕೆ ಯಾರೂ ಏನೂ ತೂರಿಸದ ಹಾಗೆ ಭದ್ರ ಮಾಡ್ರೀ!"

ಮುಂದಿನ ತಿಂಗಳು ಅಲ್ಲಿಂದ ಹಿರಿಯ ಹೆಡ್ ಕಾನ್‌ಸ್ಟೇಬಲ್ ಒಬ್ಬರು ಬಿಳಿ ಬಟ್ಟೆಯಲ್ಲಿ ಹೊಲಿದ ಫೋನು ತಂದರು. ಹೊಲಿಗೆ ಬಿಚ್ಚಿ ನೋಡಿದೆ. ಮಚ್ಚು, ಕುಡುಗೋಲು, ಸಾರಾಯಿ ಬಾಟಲಿಗಳಿಗೆ ಮೂವತ್ತು ವರ್ಷ ಅರಗಿನ ಮುದ್ರೆ ಒತ್ತಿದ ಕೈ ಅದು. ಚಾರ್ಜರ್ ಚುಚ್ಚುವ ತೂತಿಗೂ ಕೆಂಪು ಅರಗು ಕಾಯಿಸಿ ಸುರಿದಿದ್ದರು. ಲಕ್ಷಾಂತರ ರೂಪಾಯಿಯ ನಮ್ಮ ಯಂತ್ರದ ವೈರು ಹೋಗಬೇಕಾದದ್ದೂ ಅದೇ ತೂತಿಗೆ.

"ಏನ್ರೀ ಇದು?" ಎಂದು ರೇಗಿದೆ.

"ನೀವೇ ಹೇಳಿದ್ರಲ್ಲ ಸಾರ್. ಈಗ ಯಾರು ಏನ್ ತೂರುಸ್ತಾರೋ ನೋಡೇ ಬುಡಣ," ಎಂದರು ಹೆಮ್ಮೆಯಿಂದ.

ನಾನು ಹೇಳಿದ್ದು ಸುಳ್ಳು ಮೆಸೇಜು, ಫೋಟೊ ತೂರಿಸುವುದರ ಬಗ್ಗೆ ಎಂದು ಬೈಯಲು ಬಾಯಿ ತೆರೆದೆ. ಬೈಯಬೇಕಾದದ್ದು ಯಾರನ್ನು ಎಂದು ಹೊಳೆದು ಮುಚ್ಚಿಕೊಂಡೆ.

ಫೋನು ತಲುಪಿದ್ದಕ್ಕೆ ಅವರಿಗೊಂದು ಫಾರಂ ತುಂಬಿಕೊಡಬೇಕಿತ್ತು. ಅದರ ಮೊದಲ ಪ್ರಶ್ನೆ: ಮುದ್ರೆ ಭದ್ರವಾಗಿದೆಯೇ? ಈ ಕೆಲಸಕ್ಕೆ ಸೇರಿದ ಮೇಲೆ ಮೊದಲ ಸಲ, ಎಳ್ಳಷ್ಟೂ ಅನುಮಾನವಿಲ್ಲದೆ, "ಹೌದು" ಎಂದು ಬರೆದು ಸಹಿ ಹಾಕಿದೆ.